ಎಚ್ಚರಿಕೆಯ ದೀಪ

ಕಾಪುವಿನ ಕಡಲತೀರದ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭವೊಂದು ನಿಂತಿದೆ. ಕಡಲಿನಲ್ಲಿ ಸಾಗುವವರಿಗೆ ಅದರ ಬೆಳಕು ಎಚ್ಚರಿಕೆಯ ಸಂಕೇತ. ತೀರದಿಂದ ತುಸುವೇ ದೂರದಲ್ಲಿ ಪನವೇಲಿನಿಂದ ಕನ್ಯಾಕುಮಾರಿಯವರೆಗಿನ 66ನೆಯ ರಾಷ್ಟ್ರೀಯ ಹೆದ್ದಾರಿ ಹಾದುಹೋಗುತ್ತದೆ. ಅಲ್ಲಿ ಹಗಲಿರುಳೂ ಓಡಾಡುವ ಕಾರುಗಳಲ್ಲಿ ಹಲವಕ್ಕೆ ಇಂದು ತಮ್ಮದೇ ಆದ ಒಂದು ಪುಟ್ಟ ದೀಪವಿದೆ. ಚಾಲಕನ ಮುಂದಿನ ಫಲಕದಲ್ಲಿ ಹಳದಿಯಾಗಿ ಬೆಳಗುವ ಈ ಗುರುತು ಕುದುರೆಯ ಲಾಳದಂತಿದ್ದು, ಅದರ ನಡುವೆ ಆಶ್ಚರ್ಯಸೂಚಕ ಚಿಹ್ನೆಯಿರುತ್ತದೆ. ಟಯರಿನಲ್ಲಿ ಗಾಳಿ ಕಡಮೆಯಾಗಿದೆ ಎಂಬುದು ಅದರ ಸೂಚನೆ. ಆದರೆ ಕೆಲವೊಮ್ಮೆ ಗಾಳಿ ಸರಿಯಾಗಿದ್ದರೂ ದೀಪ ಆರುವುದಿಲ್ಲ. ಗಾಳಿ ತಗ್ಗಿದ್ದರೂ ಅದು ಬೆಳಗದಿರುವುದುಂಟು. ಇಂತಹ ಸಂದರ್ಭದಲ್ಲಿ ದೋಷ ಟಯರಿನದೋ ದೀಪದ್ದೋ ಎಂದು ನಿರ್ಣಯಿಸುವುದು ಹೇಗೆ?

ಮೊದಲು ಗಾಳಿಯ ಮಹತ್ವವನ್ನು ಅರಿಯಬೇಕು. ಗಾಳಿ ತುಂಬಿದ ಚಕ್ರದ ಕಲ್ಪನೆಗೆ ರಾಬರ್ಟ್ ಥಾಮ್ಸನ್ 1845ರಲ್ಲಿಯೇ ಬ್ರಿಟನ್ನಿನಲ್ಲಿ ಹಕ್ಕುಪತ್ರ ಪಡೆದಿದ್ದನು. ಅದನ್ನು ಬಳಕೆಗೆ ತಂದ ಕೀರ್ತಿ, 1888ರಲ್ಲಿ ಬೆಲ್‌ಫಾಸ್ಟ್ ನಗರದ ಪಶುವೈದ್ಯ ಜಾನ್ ಡನ್ಲಪ್‌ನಿಗೆ ಸಂದಿತು. ಅಂದಿನಿಂದಲೂ ವಾಹನದ ಭಾರವನ್ನು ಮುಖ್ಯವಾಗಿ ಹೊರುತ್ತಿರುವುದು ರಬ್ಬರಲ್ಲ, ಅದರೊಳಗೆ ಒತ್ತಿ ತುಂಬಿದ ಗಾಳಿ. ಗಾಳಿ ಕಡಮೆಯಾದಾಗ ಟಯರಿನ ಪಕ್ಕದ ಗೋಡೆ ಪ್ರತಿ ಸುತ್ತಿನಲ್ಲಿಯೂ ಹೆಚ್ಚಾಗಿ ಬಾಗಿ ನೆಟ್ಟಗಾಗುತ್ತದೆ. ತಂತಿಯನ್ನು ಮತ್ತೆ ಮತ್ತೆ ಬಗ್ಗಿಸಿದರೆ ಅದು ಬಿಸಿಯಾಗುವಂತೆ ಟಯರೂ ಬಿಸಿಯಾಗುತ್ತದೆ. ಕೊನೆಗೆ ಅದರ ಪದರಗಳು ಕಳಚಿಕೊಂಡು ವೇಗದಲ್ಲಿರುವಾಗಲೇ ಟಯರು ಸಿಡಿಯಬಹುದು. ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆ ಬೀಳುವ ಉಡುಪಿಯ ಕರಾವಳಿಯಲ್ಲಿ ಇನ್ನೊಂದು ಅಪಾಯವೂ ಇದೆ. ಗಾಳಿ ಕಡಮೆಯಿರುವ ಟಯರು ರಸ್ತೆಯ ಮೇಲೆ ನಿಂತ ನೀರನ್ನು ಸರಿಯಾಗಿ ಸರಿಸಲಾರದೆ ಜಾರುತ್ತದೆ.

ಈ ಅಪಾಯವನ್ನು ಜಗತ್ತು ಕಷ್ಟಪಟ್ಟು ಕಲಿಯಿತು. ಅಮೆರಿಕದಲ್ಲಿ ಟಯರುಗಳ ಪದರ ಕಳಚಿ ಅನೇಕರು ಮಡಿದ ಬಳಿಕ, 2000ದ ಆಗಸ್ಟ್‌ನಲ್ಲಿ ಫೈರ್‌ಸ್ಟೋನ್ ಕಂಪೆನಿಯು ಸುಮಾರು 65 ಲಕ್ಷ ಟಯರುಗಳನ್ನು ಹಿಂದಕ್ಕೆ ಪಡೆಯಿತು. ಅದೇ ವರ್ಷ ಆದ ಶಾಸನದ ಫಲವಾಗಿ, 2007ರ ಸೆಪ್ಟೆಂಬರಿನಿಂದ ಆ ದೇಶದ ಎಲ್ಲ ಹೊಸ ಲಘು ವಾಹನಗಳಿಗೂ ಎಚ್ಚರಿಕೆಯ ದೀಪ ಕಡ್ಡಾಯವಾಯಿತು. ಭಾರತದಲ್ಲಿ 2020ರಲ್ಲಿ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿಯಾಯಿತು. ಈ ವ್ಯವಸ್ಥೆಯೂ ಟಯರು ದುರಸ್ತಿಯ ಸಲಕರಣೆಯೂ ಇರುವ ಚಿಕ್ಕ ವಾಹನಗಳಿಗೆ, ನಿಗದಿತ ಷರತ್ತುಗಳಂತೆ, ಹೆಚ್ಚುವರಿ ಚಕ್ರದಿಂದ ವಿನಾಯಿತಿ ದೊರೆಯಿತು. ಹೆಚ್ಚುವರಿ ಚಕ್ರವಿಲ್ಲದ ಕಾರಿನಲ್ಲಿ ದೀಪದ ಹೊಣೆ ಇನ್ನಷ್ಟು ಹಿರಿದಾಗುತ್ತದೆ.

ಈ ವ್ಯವಸ್ಥೆಯಲ್ಲಿ ಎರಡು ಬಗೆಗಳಿವೆ. ಮೊದಲನೆಯದರಲ್ಲಿ ಪ್ರತಿಯೊಂದು ಚಕ್ರದೊಳಗೂ, ಸಾಮಾನ್ಯವಾಗಿ ವಾಲ್ವಿಗೆ ಹೊಂದಿಕೊಂಡಂತೆ, ಒಂದು ಸಂವೇದಕವಿರುತ್ತದೆ. ಅದು ಒತ್ತಡವನ್ನು ಅಳೆದು ರೇಡಿಯೋ ಅಲೆಗಳ ಮೂಲಕ ಕಾರಿಗೆ ತಿಳಿಸುತ್ತದೆ. ಎರಡನೆಯದರಲ್ಲಿ ಗಾಳಿಯನ್ನು ಅಳೆಯುವುದೇ ಇಲ್ಲ. ಗಾಳಿ ತಗ್ಗಿದ ಚಕ್ರದ ಸುತ್ತಳತೆ ತುಸು ಕಿರಿದಾಗಿ, ಅದು ಉಳಿದ ಚಕ್ರಗಳಿಗಿಂತ ಬೇಗ ಸುತ್ತುತ್ತದೆ. ಬ್ರೇಕಿನ ವ್ಯವಸ್ಥೆಗಾಗಿ ಇರಿಸಿದ ವೇಗಮಾಪಕಗಳು ಈ ವ್ಯತ್ಯಾಸವನ್ನು ಗುರುತಿಸುತ್ತವೆ. ಇಲ್ಲೊಂದು ಕೊರತೆಯಿದೆ. ನಾಲ್ಕು ಚಕ್ರಗಳಲ್ಲಿಯೂ ಗಾಳಿ ಸಮನಾಗಿ ಇಳಿದರೆ, ಹೋಲಿಕೆಯನ್ನೇ ನಂಬಿದ ಈ ಬಗೆಯ ದೀಪವು ಸುಮ್ಮನಿದ್ದುಬಿಡಬಹುದು.

ದೀಪ ಬೆಳಗಿದಾಗ ಅದನ್ನು ಸಂಶಯಿಸುವ ಮೊದಲು ಟಯರನ್ನು ಸಂಶಯಿಸಬೇಕು. ವೇಗವನ್ನು ಮೆಲ್ಲನೆ ತಗ್ಗಿಸಿ, ಸುರಕ್ಷಿತವಾದ ಸ್ಥಳದಲ್ಲಿ ನಿಲ್ಲಿಸಿ, ಮಾಪಕದಿಂದ ನಾಲ್ಕೂ ಚಕ್ರಗಳ ಒತ್ತಡವನ್ನು ಅಳೆಯುವುದೇ ಸರಿಯಾದ ಕ್ರಮ. ಕಣ್ಣಳತೆ ಇಲ್ಲಿ ಸಾಲದು. ಚದರ ಅಂಗುಲಕ್ಕೆ 32 ಪೌಂಡು ಇರಬೇಕಾದ ಟಯರಿನಲ್ಲಿ 24 ಪೌಂಡು ಮಾತ್ರ ಉಳಿದಿದ್ದರೂ, ನೋಟಕ್ಕೆ ಅದು ಸರಿಯಾಗಿಯೇ ಇರುವಂತೆ ತೋರಬಹುದು. ಇರಬೇಕಾದ ಒತ್ತಡವನ್ನು ಸಾಮಾನ್ಯವಾಗಿ ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿ ಮುದ್ರಿಸಿರುತ್ತಾರೆ. ಟಯರಿನ ಮೇಲೆ ಅಚ್ಚೊತ್ತಿದ ಸಂಖ್ಯೆ ಅದು ತಾಳಬಲ್ಲ ಗರಿಷ್ಠ ಒತ್ತಡವೇ ಹೊರತು ತುಂಬಬೇಕಾದ ಒತ್ತಡವಲ್ಲ. ಒಂದೇ ಚಕ್ರದಲ್ಲಿ ಮತ್ತೆ ಮತ್ತೆ ಗಾಳಿ ಇಳಿಯುತ್ತಿದ್ದರೆ ಮೊಳೆ, ವಾಲ್ವು ಅಥವಾ ಚಕ್ರದ ಅಂಚು ಕಾರಣವಾಗಿರಬಹುದು. ಸಾಬೂನಿನ ನೀರು ಸವರಿದರೆ ಏಳುವ ಗುಳ್ಳೆಗಳು ಸೋರುವ ಜಾಗವನ್ನು ತೋರಿಸುತ್ತವೆ.

ಅಳತೆಯ ಸಮಯವೂ ಮುಖ್ಯ. ಪಾಠಗಳಲ್ಲಿ ಕಲಿತ ಅನಿಲಗಳ ನಿಯಮ ಇಲ್ಲಿ ಕಣ್ಣೆದುರಿಗೆ ಬರುತ್ತದೆ. ಉಷ್ಣತೆ 10 ಡಿಗ್ರಿ ಇಳಿದರೆ ಕಾರಿನ ಟಯರಿನ ಒತ್ತಡ ಸುಮಾರು ಒಂದೂವರೆ ಪೌಂಡು ಇಳಿಯುತ್ತದೆ. ಮಂಗಳೂರಿನಿಂದ ಓಡಿಬಂದು ಕಾದಿರುವ ಟಯರಿಗೆ ಕಾಪುವಿನ ಪೆಟ್ರೋಲ್ ಬಂಕಿನಲ್ಲಿ ಮಧ್ಯಾಹ್ನ ಅಳತೆ ನೋಡಿ ಗಾಳಿ ತುಂಬಿದರೆ, ಮರುದಿನ ಡಿಸೆಂಬರಿನ ತಂಪು ಮುಂಜಾನೆಯಲ್ಲಿ ಅದೇ ಟಯರು ಕಡಮೆ ತೋರಿಸುತ್ತದೆ. ಆದುದರಿಂದ ವಾಹನವು ಕೆಲವು ಗಂಟೆ ನಿಂತು ತಣಿದ ಮೇಲೆಯೇ ಒತ್ತಡವನ್ನು ಅಳೆಯಬೇಕು.

ಗಾಳಿ ಸರಿಯಾಗಿದೆಯೆಂದು ಮಾಪಕ ಹೇಳಿದ ಮೇಲೂ ದೀಪ ಆರದಿದ್ದರೆ ಆಗ ವ್ಯವಸ್ಥೆಯತ್ತ ಗಮನ ಹರಿಸಬೇಕು. ಕೆಲವು ಸಂವೇದಕಗಳು ಕಾರು ಸ್ವಲ್ಪ ದೂರ ಓಡಿದ ಮೇಲೆಯೇ ಹೊಸ ಅಳತೆಯನ್ನು ಕಳುಹಿಸುತ್ತವೆ. ಎರಡನೆಯ ಬಗೆಯ ವ್ಯವಸ್ಥೆಗೆ, ಗಾಳಿ ತುಂಬಿದ ಬಳಿಕ, ಹೊಸ ಒತ್ತಡವೇ ಸರಿಯಾದುದೆಂದು ಗುಂಡಿ ಒತ್ತಿ ತಿಳಿಸಬೇಕಾಗುತ್ತದೆ. ಕಾರನ್ನು ಚಾಲೂ ಮಾಡಿದೊಡನೆ ದೀಪವು ಒಂದು ನಿಮಿಷಕ್ಕೂ ಹೆಚ್ಚು ಕಾಲ ಮಿನುಗಿ, ಆಮೇಲೆ ಸ್ಥಿರವಾಗಿ ಬೆಳಗಿದರೆ, ಹಲವು ಕಾರುಗಳಲ್ಲಿ ಅದು ವ್ಯವಸ್ಥೆಯೇ ಕೆಟ್ಟಿರುವುದರ ಗುರುತು.

ಹೀಗೆ ಕೆಡಲು ಕಾರಣಗಳು ಹಲವು. ಸಂವೇದಕದ ಬ್ಯಾಟರಿ ಸುಮಾರು 5ರಿಂದ 10 ವರ್ಷ ಬಾಳುತ್ತದೆ. ಅದನ್ನು ಸಾಮಾನ್ಯವಾಗಿ ಒಳಗೇ ಮುಚ್ಚಿ ಭದ್ರಪಡಿಸಿರುವುದರಿಂದ ಸಂವೇದಕವನ್ನೇ ಬದಲಿಸಬೇಕಾಗುತ್ತದೆ. ಟಯರು ಬಿಚ್ಚುವಾಗ ಸಂವೇದಕ ಮುರಿಯಬಹುದು. ಬೇರೆ ಕಂಪನಾಂಕದ ಸಂವೇದಕ ಹಾಕಿದರೆ ಕಾರಿಗೆ ಅದರ ಸಂದೇಶ ಕೇಳಿಸದು. ಕಾಪುವಿನಂತಹ ಕಡಲತೀರದಲ್ಲಿ ಉಪ್ಪುಗಾಳಿಯೂ ಶತ್ರುವೇ. ಅಲ್ಯುಮಿನಿಯಂ ವಾಲ್ವಿನೊಳಗೆ ಹಿತ್ತಾಳೆಯ ಪಿನ್ನನ್ನು ಕೂರಿಸಿದರೆ, ತೇವ ಮತ್ತು ಉಪ್ಪಿನ ನಡುವೆ ಆ ಎರಡು ಲೋಹಗಳು ವಿದ್ಯುತ್ಕೋಶದಂತೆ ವರ್ತಿಸಿ ಅಲ್ಯುಮಿನಿಯಂ ಸವೆಯುತ್ತದೆ. ಪಿನ್ನು ಕಚ್ಚಿಕೊಂಡು ವಾಲ್ವೇ ಮುರಿಯುವುದುಂಟು. ನಿಕ್ಕಲ್ ಲೇಪಿತ ಪಿನ್ನೂ ವಾಲ್ವಿನ ಮೇಲಿನ ಪುಟ್ಟ ಮುಚ್ಚಳವೂ ಇದಕ್ಕೆ ಸುಲಭವಾದ ಪರಿಹಾರ.

ಸುಳ್ಳು ಹೇಳಿತೆಂದು ದೀಪವನ್ನು ಕಡೆಗಣಿಸುವುದು ಒಂದು ಬಗೆಯ ತಪ್ಪಾದರೆ, ಅದು ಬೆಳಗಲಿಲ್ಲವೆಂದು ನಿಶ್ಚಿಂತೆಯಿಂದಿರುವುದು ಇನ್ನೊಂದು ಬಗೆಯ ತಪ್ಪು. ಅಮೆರಿಕದ ನಿಯಮದಂತೆ ಒತ್ತಡವು ಇರಬೇಕಾದುದಕ್ಕಿಂತ ಶೇಕಡ 25ರಷ್ಟು ಇಳಿದ ಮೇಲೆ ದೀಪ ಬೆಳಗಿದರೂ ಸಾಕು. ಟಯರಿನ ಸವೆತವಾದರೋ ಅದಕ್ಕೂ ಮೊದಲೇ ಆರಂಭವಾಗಿರುತ್ತದೆ. ತಿಂಗಳಿಗೊಮ್ಮೆ, ದೂರದ ಪ್ರಯಾಣಕ್ಕೆ ಮುನ್ನ ಮತ್ತೊಮ್ಮೆ, ಮಾಪಕ ಹಿಡಿದು ನೋಡುವ ಅಭ್ಯಾಸಕ್ಕೆ ಬೇರೆ ಬದಲಿಯಿಲ್ಲ. ಯಂತ್ರವು ಎಚ್ಚರಿಸಬಲ್ಲದು; ಪರೀಕ್ಷಿಸಿ ನಿರ್ಧರಿಸುವ ಕರ್ತವ್ಯ ಮನುಷ್ಯನದೇ.