ಸಿಂಥ್ ಹಲವು, ನಡೆ ಒಂದೇ

1977ರಲ್ಲಿ ಬಂದ ಡೋನಾ ಸಮ್ಮರ್ ಅವರ ‘ಐ ಫೀಲ್ ಲವ್’ ಹಾಡಿನಲ್ಲಿ ಗಾಯಕಿಯ ದನಿ ಮತ್ತು ಕಿಕ್ ಡ್ರಮ್ ಬಿಟ್ಟರೆ ಕೇಳಿಸುವುದು ಬಹುಪಾಲು ಮೂಗ್ ಸಿಂಥಸೈಜರ್ ಒಂದೇ. ಆ ಯಂತ್ರದ ಶ್ರುತಿ ಬೇಗ ತಪ್ಪುತ್ತಿತ್ತು. ಕೀಲಿಮಣೆಯಲ್ಲಿ ಒಂದು ಸಲಕ್ಕೆ ಒಂದೇ ಸ್ವರ. ಹಾಗಾಗಿ ಮ್ಯೂನಿಕ್‌ನ ಸ್ಟುಡಿಯೋದಲ್ಲಿ ಹಾಡಿನ ನಿರ್ಮಾಪಕರಾದ ಜಾರ್ಜಿಯೋ ಮೊರೋಡರ್ ಮತ್ತು ಪೀಟ್ ಬೆಲ್ಲಾಟ್ ಒಂದೊಂದೇ ಪದರವನ್ನು ಟೇಪಿನ ಮೇಲೆ ಪೇರಿಸುತ್ತಾ ಹೋದರು.

ಹೀಗೆ ಪೇರಿಸುವಾಗ ಎರಡನೆಯ ಪದರ ಮೊದಲನೆಯದಕ್ಕಿಂತ ಕೂದಲೆಳೆಯಷ್ಟು ಹಿಂದೆ ಬಿದ್ದರೂ ಲಯ ಮಸುಕಾಗುತ್ತದೆ. ಇದಕ್ಕೆ ದಾರಿ ತೋರಿಸಿದವರು ತಂತ್ರಜ್ಞ ರಾಬಿ ವೇಡೆಲ್. ಟೇಪಿನ ಒಂದು ಟ್ರ್ಯಾಕಿನಲ್ಲಿ ಬರೀ ಮಿಡಿತದ ಸಂಕೇತವನ್ನು ಮುದ್ರಿಸಿ, ಪ್ರತಿ ಸಲವೂ ಅದರಿಂದಲೇ ಸೀಕ್ವೆನ್ಸರ್, ಅಂದರೆ ಸ್ವರಗಳನ್ನು ಸಾಲಾಗಿ ತಾನೇ ನುಡಿಸುವ ಸಾಧನ, ಓಡುವಂತೆ ಮಾಡಿದರು. ಕಾಲ ಲೆಕ್ಕ ಎಲ್ಲ ಪದರಗಳಿಗೂ ಒಂದೇ ಆಯಿತು.

ಬೇಸ್‌ನಲ್ಲಿ ಇನ್ನೊಂದು ಜಾಣತನವಿದೆ. ಮೂಲ ಸ್ವರ ಒಂದು ಕಿವಿಗೆ, ಡಿಲೇ ಯಂತ್ರದಿಂದ ತಡವಾಗಿ ಬರುವ ಅದರ ಮರುದನಿ ಇನ್ನೊಂದು ಕಿವಿಗೆ. ಮರುದನಿ ಬೀಳುವುದು ಎರಡು ಸ್ವರಗಳ ನಡುವಿನ ಖಾಲಿ ಜಾಗದಲ್ಲಿ. ಓಟ ಇಮ್ಮಡಿಯಾದರೂ ಗೊಜಲಿಲ್ಲ.

ಆ ಖಾಲಿ ಜಾಗ ಎಷ್ಟು ಕಿರಿದು ಗೊತ್ತೇ? ನಿಮಿಷಕ್ಕೆ 120 ಬೀಟ್‌ಗಳ ಹಾಡಿನಲ್ಲಿ ಒಂದು ಬೀಟ್ 500 ಮಿಲಿಸೆಕೆಂಡು, ಅದರ ಕಾಲುಭಾಗಕ್ಕೊಂದು ಸ್ವರವಾದರೆ ನಡುವಿನ ಅಂತರ 125. ಸಿಂಥ್‌ನ ರಿಲೀಸ್, ಅಂದರೆ ಕೀಲಿ ಬಿಟ್ಟ ಮೇಲೂ ಉಳಿಯುವ ನಾದದ ಬಾಲ, 300 ಮಿಲಿಸೆಕೆಂಡು ಇದ್ದರೆ ಅದು ಮುಂದಿನ ಎರಡು ಸ್ವರಗಳ ಮೇಲೂ ಹರಡಿಕೊಳ್ಳುತ್ತದೆ. ನಾಲ್ಕು ಸಿಂಥ್‌ಗಳದ್ದೂ ಅದೇ ಕಥೆಯಾದರೆ ಪೆಟ್ಟುಗಳೆಲ್ಲ ಕರಗಿ ಬರೀ ಗುಂಯ್‌ಗುಡುವಿಕೆ ಉಳಿಯುತ್ತದೆ. ಬೇಸ್‌ನ ಬಾಲ ಕತ್ತರಿಸಿ, ಹಿನ್ನೆಲೆಯ ಪ್ಯಾಡ್, ಅಂದರೆ ಉದ್ದಕ್ಕೆ ಎಳೆದ ನಾದ, ಮಾತ್ರ ನಿಧಾನವಾಗಿ ಏಳುವಂತೆ ಇಟ್ಟರೆ ಪೆಟ್ಟು ಮತ್ತೆ ಕೇಳಿಸುತ್ತದೆ.

ಮಂದ್ರದಲ್ಲಿ ತೊಡಕು ಬೇರೆ. ಒಂದು ಸಿಂಥ್ 55 ಹರ್ಟ್ಝ್, ಇನ್ನೊಂದು 55.5 ಹರ್ಟ್ಝ್‌ನಲ್ಲಿ ಸಮಸಮ ಜೋರಿನಿಂದ ನುಡಿದರೆ 2 ಸೆಕೆಂಡಿಗೊಮ್ಮೆ ಎರಡರ ಅಲೆಗಳೂ ಒಂದನ್ನೊಂದು ಅಳಿಸುತ್ತವೆ. ಬೇಸ್ ಒಮ್ಮೆ ತುಂಬಿ ಬರುತ್ತದೆ, ಒಮ್ಮೆ ಕಾಣೆಯಾಗುತ್ತದೆ. ಜೊತೆಗೆ ಜೋರಾದ ಮಂದ್ರ ನಾದ ತನಗಿಂತ ಮೇಲಿನ ಸಣ್ಣ ನಾದಗಳನ್ನು ಕಿವಿಯಲ್ಲೇ ಮುಚ್ಚಿಹಾಕುತ್ತದೆ. ಆದ್ದರಿಂದಲೇ ಮಿಕ್ಸಿಂಗ್ ಮಾಡುವವರು ತಳವನ್ನು ಕಿಕ್ ಮತ್ತು ಒಂದೇ ಒಂದು ಬೇಸ್‌ಗೆ ಬಿಟ್ಟು, ಉಳಿದ ಸಿಂಥ್‌ಗಳ ಕೆಳಭಾಗವನ್ನು ಹೈ-ಪಾಸ್ ಫಿಲ್ಟರ್‌ನಿಂದ ತೆಗೆದುಬಿಡುತ್ತಾರೆ. ಕಿಕ್ ಬಿದ್ದಾಗಲೆಲ್ಲ ಬೇಸ್ ತಾನಾಗಿ ತಗ್ಗುವಂತೆ ಸೈಡ್‌ಚೈನ್ ಕಂಪ್ರೆಸರ್ ಕೂಡಿಸುವುದೂ ಉಂಟು.

1983ರಲ್ಲಿ ವಾದ್ಯಯಂತ್ರಗಳನ್ನು ಒಂದಕ್ಕೊಂದು ಜೋಡಿಸುವ ಮಿಡಿ ಪದ್ಧತಿ ಬಂದ ಮೇಲೆ ಬೇರೆ ಬೇರೆ ಕಂಪನಿಗಳ ಸಿಂಥ್‌ಗಳೂ ಒಂದೇ ತಾಳಕ್ಕೆ ನಡೆಯತೊಡಗಿದವು. ಆದರೆ ಅದರ ಕೇಬಲ್‌ನ ವೇಗ ಸೆಕೆಂಡಿಗೆ 31,250 ಬಿಟ್‌. ಒಂದು ಸ್ವರದ ಸಂದೇಶಕ್ಕೆ ಸುಮಾರು 1 ಮಿಲಿಸೆಕೆಂಡು ಬೇಕು, ಅದೂ ಒಂದರ ಹಿಂದೊಂದು. ಹತ್ತು ಸ್ವರಗಳನ್ನು ಒಟ್ಟಿಗೆ ಕಳಿಸಿದರೆ ಕೊನೆಯದು ಸುಮಾರು 9 ಮಿಲಿಸೆಕೆಂಡು ತಡ. ಆ ಕೊನೆಯದು ಕಿಕ್ ಆಗಿಬಿಟ್ಟರೆ ನಡೆ ಎಳೆದಂತಾಗುತ್ತದೆ. ಅದಕ್ಕೇ ಡ್ರಮ್ ಯಂತ್ರಕ್ಕೆ ಬೇರೆಯೇ ಮಿಡಿ ಪೋರ್ಟ್ ಕೊಡುತ್ತಾರೆ. ನಿಧಾನವಾಗಿ ಏಳುವ ಪ್ಯಾಡ್‌ಗಳು ಎಷ್ಟೇ ಇದ್ದರೂ ಮತ್ತೊಂದು ಪೋರ್ಟಿನಲ್ಲಿ ಸರದಿ ಕಾಯುತ್ತವೆ.