ಚೀಟಿ ಕೂಗಿನ ಹಿಂದಿನ ಲೆಕ್ಕಾಚಾರ: ನೊಬೆಲ್ ತನಕ ಹೋದ ಏಲಂ ವಿದ್ಯೆ

ಗಣೇಶೋತ್ಸವವಿರಲಿ, ಶಾರದೋತ್ಸವವಿರಲಿ, ದೇವರಿಗೆ ಅರ್ಪಿಸಿದ ಹಣ್ಣುಕಾಯಿ, ಹೂವು, ಸೀರೆಗಳನ್ನು ಕೊನೆಯ ದಿನ ಏಲಂ ಹಾಕುವ ಪದ್ಧತಿ ಮುಂಬಯಿಯ ಕನ್ನಡಿಗರಿಗೆ ಹೊಸತೇನಲ್ಲ. ಪೇಟೆಯಲ್ಲಿ ಮೂವತ್ತೋ ನಲವತ್ತೋ ರೂಪಾಯಿಗೆ ಸಿಗುವ ತೆಂಗಿನಕಾಯಿ ಸಭಾಗೃಹದಲ್ಲಿ ಸಾವಿರದ ಗಡಿ ದಾಟುತ್ತದೆ. 'ಒಂದು ಸಾರಿ, ಎರಡು ಸಾರಿ' ಎಂದು ಕೂಗುವವರ ಸ್ವರ ಏರುತ್ತದೆ, ಹಿಂದಿನ ಸಾಲಿನಿಂದ ಇನ್ನೊಂದು ಕೈ ಮೇಲೇಳುತ್ತದೆ. ಅಲ್ಲಿ ಭಕ್ತಿಯೂ ಇದೆ, ನಾಲ್ಕು ಜನರೆದುರು ಹೆಸರು ಹೇಳಿಸಿಕೊಳ್ಳುವ ಖುಷಿಯೂ ಇದೆ, ಸಂಘದ ನಿಧಿಗೆ ನಾಲ್ಕು ಕಾಸು ಸೇರಲೆಂಬ ಸದುದ್ದೇಶವೂ ಇದೆ. ಅಲ್ಲಿ ಯಾರೂ ಲೆಕ್ಕ ಹಾಕುವುದಿಲ್ಲ, ಹಾಕಬೇಕಾಗಿಯೂ ಇಲ್ಲ.

ಆದರೆ ಅದೇ ಜನರು ಕೂಗುವ ಇನ್ನೊಂದು ಏಲಂ ಇದೆ. ಅಲ್ಲಿ ಲೆಕ್ಕ ತಪ್ಪಿದರೆ ಮನೆಯ ಹಣವೇ ಹೋಗುತ್ತದೆ. ಅದು ಚೀಟಿಯ ಏಲಂ. ಮಗಳ ಮದುವೆ, ಖೋಲಿಯ ಡಿಪಾಜಿಟ್, ಊರಿನ ಮನೆಯ ಮಾಡು, ಸ್ವಂತ ಹೊಟೇಲಿನ ಮೊದಲ ಕಂತು ಹೀಗೆ ಎಷ್ಟೋ ಸಂಸಾರಗಳ ದೊಡ್ಡ ಖರ್ಚುಗಳು ಚೀಟಿಯ ಹಣದಿಂದಲೇ ನಡೆದಿವೆ. ಬ್ಯಾಂಕಿಗೆ ತೋರಿಸಲು ಸಂಬಳದ ಚೀಟಿಯಿಲ್ಲದ ದುಡಿಮೆಗಾರನಿಗೆ ಚೀಟಿಯೇ ಬ್ಯಾಂಕು. ಈ ಚೀಟಿಯ ಕೂಗನ್ನು ವಿಶ್ವದ ಹೆಸರಾಂತ ವಿಶ್ವವಿದ್ಯಾಲಯಗಳ ಅರ್ಥಶಾಸ್ತ್ರಜ್ಞರು ವರ್ಷಗಟ್ಟಲೆ ಕುಳಿತು ಅಧ್ಯಯನ ಮಾಡಿದ್ದಾರೆ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿರಲಾರದು.

ಭಿಶಿಯೋ, ಚೀಟಿಯೋ?

ಮುಂಬಯಿಯ ಮಹಿಳೆಯರಲ್ಲಿ ಪ್ರಚಲಿತವಾಗಿರುವ ಭಿಶಿಯಲ್ಲಿ ಸಾಮಾನ್ಯವಾಗಿ ಕೂಗು ಇರುವುದಿಲ್ಲ. ಹೆಸರು ಬರೆದ ಚೀಟಿ ಎತ್ತಿ ಯಾರ ಪಾಳಿ ಎಂದು ನಿರ್ಧರಿಸಲಾಗುತ್ತದೆ. ನಮ್ಮ ಚೀಟಿಯಲ್ಲಿ ಹೆಚ್ಚು ಬಿಟ್ಟುಕೊಡಲು ಒಪ್ಪಿದವರಿಗೆ ಹಣ. ಇವೆರಡರಲ್ಲಿ ಯಾವುದು ಮೇಲು ಎಂಬ ಪ್ರಶ್ನೆಯನ್ನು ಟಿಮೊಥಿ ಬೆಸ್ಲಿ, ಸ್ಟೀಫನ್ ಕೋಟ್ ಮತ್ತು ಗ್ಲೆನ್ ಲೌರಿ ಎಂಬ ಮೂವರು ಅರ್ಥಶಾಸ್ತ್ರಜ್ಞರು 1993ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಎತ್ತಿಕೊಂಡರು.

ಅವರ ವಾದದ ಆರಂಭ ಸರಳವಾದುದು. ಒಂದು ಲಕ್ಷ ರೂಪಾಯಿಯ ಯಂತ್ರ ಬೇಕಾದ 20 ಮಂದಿ ತಿಂಗಳಿಗೆ 5,000 ರೂಪಾಯಿಯಂತೆ ತಮ್ಮಷ್ಟಕ್ಕೆ ಕೂಡಿಟ್ಟರೆ ಎಲ್ಲರಿಗೂ ಯಂತ್ರ ಬರುವುದು 20ನೇ ತಿಂಗಳಲ್ಲಿ. ಅದೇ 20 ಮಂದಿ ಒಟ್ಟು ಸೇರಿದರೆ ಒಬ್ಬನಿಗೆ ಮೊದಲ ತಿಂಗಳೇ ಬರುತ್ತದೆ, ಇನ್ನೊಬ್ಬನಿಗೆ ಎರಡನೆಯ ತಿಂಗಳು. ಕೊನೆಯವನಿಗೂ 20ನೇ ತಿಂಗಳಿಗಿಂತ ತಡವಾಗುವುದಿಲ್ಲ. ಹೊರಗಿನಿಂದ ಒಂದು ಪೈಸೆ ಬಾರದೆ ಹತ್ತೊಂಬತ್ತು ಮಂದಿಗೆ ಲಾಭ. ಎಲ್ಲರ ಅಗತ್ಯವೂ ಒಂದೇ ತೆರನಾಗಿದ್ದರೆ ಲಾಟರಿಯ ಭಿಶಿಯೇ ಮೇಲು, ಒಬ್ಬೊಬ್ಬರ ಅಗತ್ಯ ಒಂದೊಂದು ರೀತಿಯದಾಗಿದ್ದರೆ ಕೂಗಿನ ಚೀಟಿ ಮೇಲಾಗಬಹುದು ಎಂಬುದು ಅವರ ಗಣಿತ ತೋರಿಸಿದ ಫಲಿತಾಂಶ. ತುರ್ತಿರುವವನು ಮುಂದೆ ಬರುತ್ತಾನೆ, ತುರ್ತಿಲ್ಲದವನು ಕಾಯ್ದು ಕಸರು ಪಡೆಯುತ್ತಾನೆ. ಓಣಿಯ ಹೆಂಗಸರ ಭಿಶಿಯಲ್ಲಿ ಲಾಟರಿ, ಬಗೆಬಗೆಯ ಕಸುಬಿನವರು ಕೂಡುವ ಚೀಟಿಯಲ್ಲಿ ಕೂಗು ಏಕೆ ಎಂಬುದಕ್ಕೆ ಇಲ್ಲಿ ಒಂದು ಉತ್ತರ ಇದೆ ಎನ್ನಬಹುದು.

ಕಸರಿನ ನಿಜವಾದ ಬಡ್ಡಿ

ಒಂದು ಉದಾಹರಣೆ ನೋಡೋಣ. 20 ಸದಸ್ಯರು, ತಲಾ ರೂ. 5,000, ಒಂದು ಲಕ್ಷದ ಚೀಟಿ. ಮೊದಲ ತಿಂಗಳು ಒಬ್ಬರು ರೂ. 25,000 ಬಿಟ್ಟುಕೊಟ್ಟು ಚೀಟಿ ಎತ್ತುತ್ತಾರೆ. ಅದರಲ್ಲಿ ರೂ. 5,000 ಚೀಟಿ ನಡೆಸುವವರ ಕಮಿಷನ್ ಎಂದಿಟ್ಟುಕೊಂಡರೆ ಉಳಿದ ರೂ. 20,000 ಎಲ್ಲರಿಗೂ ಹಂಚಿ ತಲಾ ರೂ. 1,000 ಬರುತ್ತದೆ. ಎಂದರೆ ಆ ತಿಂಗಳು ಪ್ರತಿಯೊಬ್ಬರೂ ಕಟ್ಟುವುದು ರೂ. 4,000. ಎತ್ತಿದವರ ಕೈಗೆ ನಿವ್ವಳವಾಗಿ ಬಂದದ್ದು ರೂ. 71,000. ಮುಂದಿನ 19 ತಿಂಗಳು ಕಸರು ಸರಾಸರಿ ರೂ. 600 ಬಂತೆಂದರೆ ಅವರು ತಿಂಗಳಿಗೆ ರೂ. 4,400ರಂತೆ ಒಟ್ಟು ರೂ. 83,600 ಕಟ್ಟುತ್ತಾರೆ.

ಹೆಚ್ಚು ಕೊಟ್ಟದ್ದು ರೂ. 12,600. ಬಾಯಿಲೆಕ್ಕದಲ್ಲಿ ಇದು ವರ್ಷಕ್ಕೆ ಶೇ. 11ರ ಬಡ್ಡಿಯಂತೆ ಕಾಣುತ್ತದೆ. ಹೆಚ್ಚಿನವರು ಎಡವುವುದು ಇಲ್ಲಿಯೇ. ಆ 71,000 ರೂಪಾಯಿ ಪೂರ್ತಿ 19 ತಿಂಗಳು ಅವರ ಕೈಯಲ್ಲಿ ಇರುವುದಿಲ್ಲ, ತಿಂಗಳು ತಿಂಗಳು ಕರಗುತ್ತಾ ಹೋಗುತ್ತದೆ. ಸರಿಯಾಗಿ ಲೆಕ್ಕ ಹಾಕಿದರೆ ಬಡ್ಡಿ ತಿಂಗಳಿಗೆ ಶೇ. 1.7ರ ಆಸುಪಾಸು, ವರ್ಷಕ್ಕೆ ಶೇ. 20ಕ್ಕೆ ಸಮೀಪ. ಅದೇ ಚೀಟಿಯನ್ನು ಕೊನೆಯ ತನಕ ಕಾಯ್ದು ರೂ. 95,000 ಪಡೆದವರು ಕಟ್ಟಿದ್ದು ರೂ. 87,600, ಅವರಿಗೆ ದಕ್ಕಿದ ಪ್ರತಿಫಲ ವರ್ಷಕ್ಕೆ ಶೇ. 10ರ ಸುಮಾರು. ನಡುವಿನ ಅಂತರದ ದೊಡ್ಡ ಪಾಲು ಕಮಿಷನ್‌ಗೆ ಸಲ್ಲುತ್ತದೆ. ಶೇ. 20 ಹೆಚ್ಚೇ ಎಂದು ಕೇಳಿದರೆ, ಸಾಹುಕಾರನ ಕೈಸಾಲಕ್ಕೆ ಹೋಲಿಸಿದರೆ ಅಲ್ಲ, ಸೊಸೈಟಿಯ ಚಿನ್ನದ ಸಾಲಕ್ಕೆ ಹೋಲಿಸಿದರೆ ಹೌದು. ಕೂಗುವ ಮುನ್ನ ಈ ಹೋಲಿಕೆ ಮಾಡಿಕೊಂಡವರು ಎಷ್ಟು ಮಂದಿ ಇದ್ದಾರೋ!

ಕೂಗಿನಲ್ಲಿ ಇನ್ನೊಂದು ಸೂಕ್ಷ್ಮವೂ ಉಂಟು. ಸಾಧಾರಣ ಏಲಂನಲ್ಲಿ ಸೋತವನಿಗೆ ಏನೂ ಇಲ್ಲ. ಚೀಟಿಯಲ್ಲಿ ಹಾಗಲ್ಲ, ಗೆದ್ದವನು ಹೆಚ್ಚು ಬಿಟ್ಟಷ್ಟೂ ಸೋತವರಿಗೆ ಹೆಚ್ಚು ಕಸರು. ಆದ್ದರಿಂದ ಹಣದ ಅಗತ್ಯವೇ ಇಲ್ಲದವರೂ ನಾಲ್ಕು ಕೂಗು ಕೂಗಿ ಮೊತ್ತ ಏರಿಸುತ್ತಾರೆ. ಎದುರಿನವನು ಬಿಟ್ಟುಬಿಟ್ಟರೆ ಬೇಡದ ಚೀಟಿ ತನ್ನ ತಲೆಗೆ ಬರುವ ಅಪಾಯವೂ ಅವರಿಗಿದೆ. ತನ್ನ ನಡೆ ಎದುರಾಳಿಯ ನಡೆಯನ್ನು ಅವಲಂಬಿಸಿರುವ ಇಂತಹ ಪರಿಸ್ಥಿತಿಯನ್ನೇ ಅರ್ಥಶಾಸ್ತ್ರಜ್ಞರು ಗೇಮ್ ಥಿಯರಿ ಎಂದು ಕರೆಯುವುದು. ಏಲಂನ ಹಣ ಕೂಗಿದವರಲ್ಲೇ ಹಂಚಿಹೋಗುವುದಾದರೆ ಕೂಗು ಸಹಜಕ್ಕಿಂತ ಮೇಲೇರುತ್ತದೆ ಎಂಬುದನ್ನು ಅವರು ಗಣಿತದಿಂದ ತೋರಿಸಿದ್ದಾರೆ. ಹಣದ ಅಡಚಣೆಯನ್ನು ಸಭೆಗೆ ಮುಂಚೆಯೇ ಎಲ್ಲರೊಡನೆ ಹೇಳಿಕೊಂಡವರು ಹೆಚ್ಚು ಬಿಡಬೇಕಾಗಿ ಬರುವುದು ಈ ಕಾರಣಕ್ಕೇ.

ಮೊದಲು ಎತ್ತುವವರು ಯಾರು?

ಚೀಟಿ ನಡೆಸುವವರ ನಿತ್ಯದ ತಲೆನೋವು ಬೇರೆಯದು. ಮೊದಲೇ ಎತ್ತಿದವರು ಮುಂದೆ ಕಂತು ಕಟ್ಟದಿದ್ದರೆ? ತೀರಾ ಹೆಚ್ಚು ಬಿಟ್ಟು ಎತ್ತುವವರೇ ಕಟ್ಟದೆ ಉಳಿಸುವವರು ಎಂಬ ಮಾತು ಹಳಬರಲ್ಲಿ ಇದೆ. ಆದರೆ ಅದು ನಿಜವೋ ಬರೀ ಅನುಮಾನವೋ ಎಂದು ಪರೀಕ್ಷಿಸುವುದು ಸುಲಭವಲ್ಲ. ಮೊದಲು ಎತ್ತಿದವರಿಗೆ ಬಾಕಿ ಕಂತುಗಳೂ ಹೆಚ್ಚು, ಆದ್ದರಿಂದ ತಪ್ಪುವ ಸಂದರ್ಭಗಳೂ ಹೆಚ್ಚು. ಮನುಷ್ಯನ ಗುಣ ಕಾರಣವೋ, ಹೊರೆ ಕಾರಣವೋ ಎಂದು ಬೇರ್ಪಡಿಸುವುದು ಹೇಗೆ?

ಅಂಕಿ-ಅಂಶಗಳಿಂದ ಕಾರಣವನ್ನು ಹೆಕ್ಕಿ ತೆಗೆಯುವ ವಿದ್ಯೆಗೆ ಇಕನಾಮೆಟ್ರಿಕ್ಸ್ ಎಂದು ಹೆಸರು. ಅದು ಕಾಯುವುದು ಒಂದು ಆಕಸ್ಮಿಕಕ್ಕಾಗಿ. ಅಂತಹ ಆಕಸ್ಮಿಕ 1993ರಲ್ಲಿ ತಮಿಳುನಾಡಿನಲ್ಲಿ ಒದಗಿತು. ಚೀಟಿಯ ಕೂಗು ಶೇ. 30ನ್ನು ಮೀರಬಾರದು ಎಂಬ ಸರಕಾರಿ ಮಿತಿ ಜಾರಿಗೆ ಬಂತು. ಅದರ ತನಕ ಆರಂಭದ ತಿಂಗಳುಗಳಲ್ಲಿ ಅದಕ್ಕೂ ಹೆಚ್ಚು ಬಿಟ್ಟು ಎತ್ತುವವರಿದ್ದರು. ಮಿತಿ ಬಂದ ಮೇಲೆ ಹಲವರು ಒಂದೇ ಮೊತ್ತಕ್ಕೆ ನಿಂತುಬಿಟ್ಟರು. ಅಂತಹ ಸಂದರ್ಭದಲ್ಲಿ ಕಾನೂನಿನಂತೆ ಅವರೊಳಗೆ ಲಾಟರಿ ಎತ್ತಬೇಕು. ಹೀಗೆ ಹೆಚ್ಚು ಅಪಾಯದವನು, ಕಡಿಮೆ ಅಪಾಯದವನು ಬೆರೆತುಹೋದರು. ಸ್ಟೆಫಾನ್ ಕ್ಲೋನರ್ ಮತ್ತು ಅಶೋಕ್ ರೈ ಮಿತಿಗೆ ಮುಂಚಿನ ಹಾಗೂ ಅನಂತರದ ಚೀಟಿಗಳ ಬಾಕಿಯನ್ನು ಹೋಲಿಸಿದಾಗ, ಮೊದಲು ಎತ್ತಿದವರ ಮತ್ತು ತಡವಾಗಿ ಎತ್ತಿದವರ ನಡುವಿನ ಸುಸ್ತಿಯ ಅಂತರ ಮಿತಿಯ ನಂತರ ತಗ್ಗಿದ್ದು ಕಂಡುಬಂತು. ಎಂದರೆ ಹಳಬರ ಅನುಮಾನದಲ್ಲಿ ಹುರುಳಿತ್ತು. ಇದೇ ಮಿತಿಯನ್ನು ಹಿಡಿದು ಯಾನ್ ಏಕ್‌ಹೌಟ್ ಮತ್ತು ಕೈವಾನ್ ಮುನ್ಶಿ ಚೆನ್ನೈಯ ಚೀಟಿಗಳನ್ನು ಅಭ್ಯಸಿಸಿದ್ದು, ಯಾರು ಯಾವ ಬಗೆಯ ಚೀಟಿಗೆ ಸೇರುತ್ತಾರೆ ಎಂಬುದೂ ಬದಲಾಯಿತೆಂದು ಬರೆದಿದ್ದಾರೆ.

ಹಾಗೆಂದು ಹೆಚ್ಚು ಬಿಟ್ಟವರೆಲ್ಲ ಕೈಕೊಡುವವರಲ್ಲ. ಆಸ್ಪತ್ರೆಯ ಬಿಲ್ಲು ಹಿಡಿದು ಬಂದವನೂ ಅಷ್ಟೇ ಜೋರಾಗಿ ಕೂಗುತ್ತಾನೆ. ಸರಾಸರಿಯ ಮಾತನ್ನು ಒಬ್ಬ ವ್ಯಕ್ತಿಯ ಮೇಲೆ ಹೊರಿಸುವುದು ನ್ಯಾಯವಾಗದು.

ರಾತ್ರಿ ಬಾಗಿಲು ತಟ್ಟಿದ ಗುರು

ಏಲಂ ವಿದ್ಯೆಗೆ ಬುನಾದಿ ಹಾಕಿದವರು ಕೆನಡಾದಲ್ಲಿ ಹುಟ್ಟಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕಲಿಸಿದ ವಿಲಿಯಂ ವಿಕ್ರಿ. 1961ರ ಅವರ ಪ್ರಬಂಧದಲ್ಲಿ ಒಂದು ವಿಚಿತ್ರ ನಿಯಮವಿದೆ. ಲಕೋಟೆಯೊಳಗೆ ಬರೆದು ಕೊಟ್ಟ ಬೆಲೆಗಳಲ್ಲಿ ಹೆಚ್ಚು ಬರೆದವನಿಗೆ ವಸ್ತು ಸಿಗಲಿ, ಆದರೆ ಅವನು ಕೊಡಬೇಕಾದುದು ಎರಡನೆಯವನು ಬರೆದ ಬೆಲೆ. ಹೀಗಾದರೆ ಯಾರಿಗೂ ಸುಳ್ಳು ಬೆಲೆ ಬರೆಯಬೇಕಾದ ಪ್ರಮೇಯವಿಲ್ಲ, ಮನಸ್ಸಿನಲ್ಲಿದ್ದುದನ್ನೇ ಬರೆಯಬಹುದು. ನಮ್ಮ 'ಒಂದು ಸಾರಿ, ಎರಡು ಸಾರಿ'ಯ ಏಲಂನಲ್ಲೂ ಗೆದ್ದವನು ಎರಡನೆಯವನು ನಿಂತ ಜಾಗಕ್ಕಿಂತ ಸ್ವಲ್ಪವೇ ಮೇಲೆ ಕೊಡುತ್ತಾನಲ್ಲವೇ? ವಿಕ್ರಿ ಹೇಳಿದ್ದೂ ಅದನ್ನೇ. 1996ರ ಅಕ್ಟೋಬರ್‌ನಲ್ಲಿ ಅವರಿಗೆ ನೊಬೆಲ್ ಘೋಷಣೆಯಾಗಿ ಮೂರೇ ದಿನಗಳಲ್ಲಿ ತೀರಿಕೊಂಡರು.

2020ರಲ್ಲಿ ಅದೇ ವಿದ್ಯೆಗೆ ಮತ್ತೆ ನೊಬೆಲ್ ಬಂತು. ಪಡೆದವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ರಾಬರ್ಟ್ ವಿಲ್ಸನ್ ಮತ್ತು ಅವರ ಶಿಷ್ಯ ಪೌಲ್ ಮಿಲ್‌ಗ್ರಾಂ. ಇಬ್ಬರೂ ಒಂದೇ ಬೀದಿಯವರು. ಸಮಿತಿಯ ಫೋನು ಶಿಷ್ಯನಿಗೆ ತಾಗದಿದ್ದಾಗ 83 ವರ್ಷದ ಗುರುಗಳೇ ನಡುರಾತ್ರಿ ಹೋಗಿ ಬಾಗಿಲು ತಟ್ಟಿ ಸುದ್ದಿ ಹೇಳಿದ್ದು ಬಾಗಿಲಿನ ಕ್ಯಾಮರಾದಲ್ಲಿ ದಾಖಲಾಗಿ ಜಗತ್ತೆಲ್ಲ ನೋಡಿತು. ವಿಲ್ಸನ್ ಆಳವಾಗಿ ಅಭ್ಯಸಿಸಿದ ವಿಷಯಗಳಲ್ಲಿ 'ಗೆದ್ದವನ ಶಾಪ'ವೂ ಒಂದು. ಮೆಕ್ಸಿಕೋ ಕೊಲ್ಲಿಯ ತೈಲ ಬಾವಿಗಳನ್ನು ಏಲಂನಲ್ಲಿ ಪಡೆದ ಕಂಪೆನಿಗಳಿಗೆ ನಿರೀಕ್ಷಿಸಿದ ಲಾಭ ಏಕೆ ಬರುತ್ತಿಲ್ಲ ಎಂದು 1971ರಲ್ಲಿ ಮೂವರು ತೈಲ ಎಂಜಿನಿಯರರು ಬರೆದರು. ತೈಲ ಎಷ್ಟಿದೆ ಎಂದು ಎಲ್ಲರೂ ಅಂದಾಜು ಮಾಡುತ್ತಾರೆ, ಗೆಲ್ಲುವವನು ಎಲ್ಲರಿಗಿಂತ ಹೆಚ್ಚು ಅಂದಾಜು ಮಾಡಿದವನು. ಗೆದ್ದದ್ದೇ ಲೆಕ್ಕ ತಪ್ಪಿರಬಹುದೆಂಬುದರ ಸೂಚನೆ. 2010ರಲ್ಲಿ ನಮ್ಮ ದೇಶದ 3ಜಿ ಏಲಂ 34 ದಿನ, 183 ಸುತ್ತು ನಡೆದು ಸುಮಾರು ರೂ. 67,700 ಕೋಟಿ ತಂದಾಗ ಸರಕಾರ ಹಿಗ್ಗಿತು; ಗೆದ್ದ ಕಂಪೆನಿಗಳ ಸಾಲದ ಚರ್ಚೆ ಆಮೇಲೆ ಶುರುವಾಯಿತು.

ಊರಿನ ಮಂಡಿಯಲ್ಲಿ

ಕರ್ನಾಟಕಕ್ಕೂ ಈ ವಿದ್ಯೆಯ ಬಿಸಿ ತಟ್ಟಿದೆ. 2014ರಿಂದ ರಾಜ್ಯದ ಎಪಿಎಂಸಿ ಮಾರುಕಟ್ಟೆಗಳು ಒಂದೊಂದಾಗಿ ಏಕೀಕೃತ ಆನ್‌ಲೈನ್ ವೇದಿಕೆಗೆ ಸೇರಿದವು. ರೆಟ್ಸೆಫ್ ಲೆವಿ, ಮನೋಜ್ ರಾಜನ್, ಸೋಮ್ಯ ಸಿಂಘ್ವಿ ಮತ್ತು ಯಾನ್‌ಚಾಂಗ್ ಝೆಂಗ್ 2020ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ಇದರಿಂದ ಭತ್ತದ ಬೆಲೆ ಸರಾಸರಿ ಶೇ. 5.1, ಶೇಂಗಾ ಶೇ. 3.6, ಮೆಕ್ಕೆಜೋಳ ಶೇ. 3.5 ಏರಿತು. ಎಲ್ಲ ಬೆಳೆಗಳಿಗೂ ಹೀಗೆ ಆಗಲಿಲ್ಲ. ವರ್ತಕನು ರಾಶಿ ಮುಟ್ಟಿ ನೋಡದೆ ಕೊಳ್ಳಲಾರ, ದೂರದವನು ಪರದೆಯ ಮೇಲಿನ ಹೆಸರು ನೋಡಿ ಬೆಲೆ ಕಟ್ಟಲಾರ. ಅದೇ ತಂಡ 2019ರಲ್ಲಿ ರಾಜ್ಯದ ಒಂದು ದೊಡ್ಡ ಬೇಳೆಕಾಳು ಮಾರುಕಟ್ಟೆಯಲ್ಲಿ ಎರಡು ಸುತ್ತಿನ ಏಲಂ ಪ್ರಯೋಗಿಸಿತು. ಮೊದಲ ಸುತ್ತಿನಲ್ಲಿ ಗುಟ್ಟಾಗಿ ಬೆಲೆ ಬರೆದವರಲ್ಲಿ ಮೇಲಿನ ಕೆಲವರಿಗೆ ಮಾತ್ರ ಬೆಲೆ ಏರಿಸಲು ಇನ್ನೊಂದು ಅವಕಾಶ. ಬೆಲೆ ಸುಮಾರು ಶೇ. 4.7 ಮೇಲೇರಿತು. ಖರ್ಚು ಕಳೆದು ಅಂಗೈಯಷ್ಟು ಉಳಿಯುವ ರೈತನಿಗೆ ಈ ನಾಲ್ಕೈದು ಶೇಕಡಾ ಸಣ್ಣದೇನಲ್ಲ.

ಚೀಟಿಗೆ ಮರಳುವುದಾದರೆ, 1982ರ ಚಿಟ್ ಫಂಡ್ಸ್ ಕಾಯ್ದೆಯಂತೆ ಚೀಟಿ ಆರಂಭಿಸಲು ರಿಜಿಸ್ಟ್ರಾರರ ಅನುಮತಿ, ನೋಂದಣಿ ಬೇಕು, ಚೀಟಿಯ ಮೊತ್ತದಷ್ಟೇ ಭದ್ರತೆಯನ್ನು ನಡೆಸುವವರು ಇಡಬೇಕು. ಹಣ ಒಟ್ಟುಮಾಡಿ ರಾತ್ರೋರಾತ್ರಿ ನಾಪತ್ತೆಯಾದವರ ಕತೆ ಪ್ರತಿ ಉಪನಗರದಲ್ಲೂ ಒಂದಾದರೂ ಇದೆ, ಅವುಗಳಲ್ಲಿ ನೋಂದಣಿಯಾದ ಚೀಟಿ ಎಷ್ಟಿತ್ತು ಎಂದು ವಿಚಾರಿಸಿದರೆ ಸಾಕು. 2019ರ ತಿದ್ದುಪಡಿಯು ಕಮಿಷನ್‌ನ ಮಿತಿಯನ್ನು ಶೇ. 5ರಿಂದ 7ಕ್ಕೆ ಏರಿಸಿದೆ. ಮೇಲಿನ ಉದಾಹರಣೆಯಲ್ಲಿ ಶೇ. 7 ಹಾಕಿದರೆ ಕೊನೆಯ ತನಕ ಕಾಯ್ದವರಿಗೆ ಬರುವುದು 95,000 ಅಲ್ಲ, 93,000. ಅದೇ ತಿದ್ದುಪಡಿ ಇನ್ನೊಂದು ಅನುಕೂಲವನ್ನೂ ಮಾಡಿದೆ: ಚೀಟಿ ಎತ್ತುವಾಗ ಹಾಜರಿರಲೇಬೇಕಾದ ಇಬ್ಬರು ಸದಸ್ಯರು ಈಗ ವಿಡಿಯೋ ಮೂಲಕವೂ ಹಾಜರಾಗಬಹುದು. ಡ್ಯೂಟಿ ಬಿಟ್ಟು ಬರಲಾಗದ ಹೊಟೇಲು ಕೆಲಸಗಾರ ಗಲ್ಲಾದ ಮರೆಯಲ್ಲಿ ಮೊಬೈಲು ಹಿಡಿದು ನಿಂತರೂ ಆಯಿತು.