ಗಂಡನ ಜಮೀನು ದಾವೆಯಲ್ಲಿ ಹೆಂಡತಿಯ ಸಾಕ್ಷಿ: ತಪ್ಪು ಕಲ್ಪನೆ ಮತ್ತು ವಾಸ್ತವ

ಪಕ್ಕದವರು ಬದು ಒತ್ತಿದ್ದನ್ನು ಎಷ್ಟೋ ಸಲ ಮೊದಲು ಕಾಣುವವರು ಮನೆಯ ಹೆಂಗಸರು. ಕಳೆ ಕೀಳಲು, ದನಕ್ಕೆ ಹುಲ್ಲು ತರಲು ದಿನವೂ ಹೊಲಕ್ಕೆ ಹೋಗುವವರು ಅವರೇ. ಆದರೂ ದಾವೆ ಕೋರ್ಟಿಗೆ ಹೋದಾಗ ಸಾಕ್ಷಿ ಪಟ್ಟಿಯಲ್ಲಿ ಅವರ ಹೆಸರು ಇರುವುದಿಲ್ಲ. ಕಟ್ಟೆಯ ಮೇಲೆ ಕೇಳಿದ ಮಾತನ್ನೇ ಕಾನೂನು ಎಂದು ನಾವೆಲ್ಲ ನಂಬಿಕೊಂಡು ಬಂದಿದ್ದೇವೆ.

ತಪ್ಪು ಕಲ್ಪನೆ: ಗಂಡನ ದಾವೆಯಲ್ಲಿ ಹೆಂಡತಿ, ಹೆಂಡತಿಯ ದಾವೆಯಲ್ಲಿ ಗಂಡ ಸಾಕ್ಷಿ ಹೇಳುವಂತಿಲ್ಲ.

ವಾಸ್ತವ: ಧಾರಾಳವಾಗಿ ಹೇಳಬಹುದು. ಸಿವಿಲ್ ದಾವೆಯ ಪಕ್ಷಕಾರರೂ ಅವರ ಗಂಡ ಅಥವಾ ಹೆಂಡತಿಯೂ ಸಮರ್ಥ ಸಾಕ್ಷಿಗಳೆಂದು 1872ರ ಸಾಕ್ಷ್ಯ ಕಾಯ್ದೆಯ 120ನೇ ಕಲಂ ಹೇಳಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 126ನೇ ಕಲಂ ಅದನ್ನೇ ಹೇಳುತ್ತದೆ. ಇಂಥ ನಿರ್ಬಂಧ ಇದ್ದದ್ದು ಹಳೆಯ ಇಂಗ್ಲೆಂಡಿನಲ್ಲಿ. ಅಲ್ಲಿಯೂ ಸಿವಿಲ್ ದಾವೆಗಳ ಮಟ್ಟಿಗೆ ಅದು 1853ರಲ್ಲೇ ತೊಲಗಿತು.

ತಪ್ಪು ಕಲ್ಪನೆ: ಹೇಳಿದರೂ ಮನೆಯವಳ ಮಾತಿಗೆ ಬೆಲೆಯಿಲ್ಲ, ಹೊರಗಿನವರು ಇಬ್ಬರಾದರೂ ಬೇಕು.

ವಾಸ್ತವ: ಒಂದು ಸಂಗತಿಯನ್ನು ರುಜುವಾತು ಮಾಡಲು ಇಷ್ಟೇ ಸಾಕ್ಷಿಗಳು ಬೇಕೆಂಬ ಸಾಮಾನ್ಯ ನಿಯಮ ಇಲ್ಲ. ಸಂಬಂಧಿ ಎಂಬ ಒಂದೇ ಕಾರಣಕ್ಕೆ ಸಾಕ್ಷ್ಯವನ್ನು ತಳ್ಳಿಹಾಕುವಂತೆಯೂ ಇಲ್ಲ. ಗಂಡ ಗೆಲ್ಲಲಿ ಎಂಬ ಆಸೆ ಹೆಂಡತಿಗೆ ಇರುವುದು ಸಹಜ, ಹಾಗಾಗಿ ನ್ಯಾಯಾಧೀಶರು ಅವಳ ಮಾತನ್ನು ಎಚ್ಚರದಿಂದ ತೂಗುತ್ತಾರೆ. ಅದು ಸರಿಯೇ. ಮುಖ್ಯ ವಿಚಾರಣೆ ಪ್ರಮಾಣಪತ್ರದಲ್ಲೇ ಮುಗಿಯುತ್ತದೆ, ನಿಜವಾದ ಪರೀಕ್ಷೆ ಪಾಟೀಸವಾಲಿನದು. ಪೂರ್ವಕ್ಕೆ ಯಾರ ಹೊಲ? ಬದುವಿನ ಮೇಲೆ ಯಾವ ಮರವಿತ್ತು? ಕಲ್ಲು ಕಿತ್ತಾಗ ನೀವು ಎಲ್ಲಿ ನಿಂತಿದ್ದಿರಿ? ಚೆಕ್ಕುಬಂದಿಯನ್ನು ವಕೀಲರ ಕಚೇರಿಯಲ್ಲಿ ಬಾಯಿಪಾಠ ಮಾಡಿ ಬಂದವರು ಇಲ್ಲಿ ತಡವರಿಸುತ್ತಾರೆ; ಆ ಹೊಲದಲ್ಲೇ ದುಡಿದವಳು ಹೇಳುತ್ತಾಳೆ. ಅವಳ ಉತ್ತರ ಪಹಣಿಗೂ ಸರ್ವೆ ನಕ್ಷೆಗೂ ತಾಳೆಯಾದರೆ ಅದನ್ನು ಹಗುರವಾಗಿ ಕಾಣಲು ಕಾರಣವಿಲ್ಲ.

ತಪ್ಪು ಕಲ್ಪನೆ: ಒಬ್ಬರು ಜಿಪಿಎ (ಸಾಮಾನ್ಯ ಅಧಿಕಾರಪತ್ರ) ಬರೆದುಕೊಟ್ಟರೆ ಸಾಕು, ಅವರ ಬದಲಿಗೆ ಇನ್ನೊಬ್ಬರು ಎಲ್ಲವನ್ನೂ ಹೇಳಬಹುದು.

ವಾಸ್ತವ: ದಾವೆಗಳು ಎಡವುವುದು ಇಲ್ಲೇ. ತಾವು ಕಂಡದ್ದನ್ನು ಹೇಳಲು ಗಂಡನಿಗಾಗಲಿ ಹೆಂಡತಿಗಾಗಲಿ ಜಿಪಿಎ ಬೇಕಿಲ್ಲ. ಇನ್ನೊಬ್ಬರಿಗೆ ಮಾತ್ರ ಗೊತ್ತಿರುವುದನ್ನು ಹೇಳಲು ಜಿಪಿಎ ಇದ್ದರೂ ಆಗದು. 2004ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಜಾನಕಿ ವಾಶ್‌ದೇವ್ ಭೋಜ್ವಾನಿ ಪ್ರಕರಣದಲ್ಲಿ ಹೆಂಡತಿಯರು ಆಸ್ತಿಯಲ್ಲಿ ಪಾಲು ಕೇಳಿದ್ದರು. ಅವರಿಗೆ ಸ್ವಂತ ಆದಾಯವಿತ್ತೇ, ಖರೀದಿಗೆ ಹಣ ಹಾಕಿದ್ದರೇ ಎಂಬುದೇ ಪ್ರಶ್ನೆ. ಸಾಕ್ಷಿ ಹೇಳಲು ಬಂದದ್ದು ಮಾತ್ರ ಅಧಿಕಾರಪತ್ರ ಹಿಡಿದ ಗಂಡ. ಹೆಂಡತಿಗೆ ತಾನೇ ತಿಳಿದಿರಬೇಕಾದ ವಿಷಯವನ್ನು ಅವಳೇ ಬಂದು ಹೇಳಿ ಪಾಟೀಸವಾಲಿಗೆ ಒಳಗಾಗಬೇಕು ಎಂದಿತು ಕೋರ್ಟ್. ಪಕ್ಷಕಾರರು ಕಟಕಟೆಗೆ ಬಾರದೆ ತಪ್ಪಿಸಿಕೊಂಡರೆ ಅವರ ವಿರುದ್ಧವೇ ಊಹೆ ಮಾಡಲು ಕೋರ್ಟಿಗೆ ಅವಕಾಶವಿದೆ. ಪಕ್ಷಕಾರ ತಾನೂ ಸಾಕ್ಷಿ ಹೇಳುವುದಿದ್ದರೆ ಸಾಮಾನ್ಯವಾಗಿ ತನ್ನ ಕಡೆಯ ಇತರರಿಗಿಂತ ಮೊದಲು ಹೇಳಬೇಕು, ಆಮೇಲೆ ಹೇಳಲು ಕೋರ್ಟಿನ ಅನುಮತಿ ಬೇಕು.

ತಪ್ಪು ಕಲ್ಪನೆ: ಕಟಕಟೆ ಹತ್ತಿದರೆ ದಂಪತಿಯ ಗುಟ್ಟೆಲ್ಲ ಬಯಲಾಗುತ್ತದೆ.

ವಾಸ್ತವ: ಮದುವೆಯಲ್ಲಿದ್ದಾಗ ಒಬ್ಬರು ಇನ್ನೊಬ್ಬರಿಗೆ ಹೇಳಿದ ಮಾತಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 128ನೇ ಕಲಮಿನ ರಕ್ಷಣೆ ಇದೆ. ಹೇಳಿದವರ ಒಪ್ಪಿಗೆಯಿಲ್ಲದೆ ಅದನ್ನು ಬಹಿರಂಗಪಡಿಸುವಂತಿಲ್ಲ. ಗಂಡ ಹೆಂಡತಿಯರ ನಡುವಣ ದಾವೆಗೆ ಈ ರಕ್ಷಣೆ ಇಲ್ಲ. ಕಣ್ಣಾರೆ ಕಂಡ ಕೃತ್ಯದ ಮಾತು ಬೇರೆ. 1954ರ ಒಂದು ಕೊಲೆ ಪ್ರಕರಣದಲ್ಲಿ, ಗಂಡ ನಸುಕಿನಲ್ಲಿ ಮಾಳಿಗೆಯಿಂದ ಇಳಿದು ಬಂದು ಸ್ನಾನ ಮಾಡಿದ್ದನ್ನು ಹೆಂಡತಿ ಹೇಳಬಹುದು, ಅವನು ಆಡಿದ ಮಾತನ್ನು ಹೇಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಗೆರೆ ಎಳೆಯಿತು.

ತಪ್ಪು ಕಲ್ಪನೆ: ಉಯಿಲಿಗೆ ಫಲಾನುಭವಿಯ ಹೆಂಡತಿ ಸಾಕ್ಷಿ ಹಾಕಿದರೆ ಉಯಿಲೇ ರದ್ದು.

ವಾಸ್ತವ: ರದ್ದಾಗದು. 1925ರ ಉತ್ತರಾಧಿಕಾರ ಕಾಯ್ದೆಯ 67ನೇ ಕಲಮಿನ ಪ್ರಕಾರ ಸಾಕ್ಷಿ ಹಾಕಿದವರಿಗೂ ಅವರ ಗಂಡ ಅಥವಾ ಹೆಂಡತಿಗೂ ಬರೆದ ಪಾಲು ಮಾತ್ರ ಬಿದ್ದುಹೋಗುತ್ತದೆ. ಕ್ರೈಸ್ತರಿಗೆ ಅನ್ವಯಿಸುವ ಈ ಕಲಂ ಹಿಂದೂಗಳ ಉಯಿಲಿಗೆ ಅನ್ವಯಿಸುವುದೇ ಇಲ್ಲ. ಆದರೂ ಸಂಶಯಕ್ಕೆ ಎಡೆಯಾಗದಂತೆ ಹೊರಗಿನವರಿಂದ ಸಹಿ ಹಾಕಿಸುವುದು ಮೇಲು.

ತಪ್ಪು ಕಲ್ಪನೆ: ಮನೆಯ ಹೆಂಗಸು ಕೋರ್ಟಿನ ಮೆಟ್ಟಿಲು ಹತ್ತಿದರೆ ಮನೆತನಕ್ಕೆ ಒಳ್ಳೆಯದಾಗದು.

ವಾಸ್ತವ: ಈ ನಂಬಿಕೆಯ ಹಿಂದೆ ಇರುವುದು ಅವಮಾನದ ಭಯ, ಆ ಭಯ ಸುಳ್ಳಲ್ಲ. ಅದಕ್ಕೆಂದೇ ಅವಮಾನಿಸುವ, ಕೆಣಕುವ ಪ್ರಶ್ನೆಗಳನ್ನು ತಡೆಯುವ ಹೊಣೆಯನ್ನು ಕಾಯ್ದೆ ನ್ಯಾಯಾಧೀಶರಿಗೆ ವಹಿಸಿದೆ. ಕಾಯಿಲೆಯಿಂದ ಬರಲಾಗದವರ ಸಾಕ್ಷ್ಯವನ್ನು ಕಮಿಷನರ್ ಮೂಲಕ ಪಡೆಯಲೂಬಹುದು.

ವಿವಾದಾಂಶಗಳು ನಿಗದಿಯಾದ 15 ದಿನಗಳೊಳಗೆ ಸಾಕ್ಷಿ ಪಟ್ಟಿ ಸಲ್ಲಿಸಬೇಕೆನ್ನುತ್ತದೆ ಸಿವಿಲ್ ಪ್ರಕ್ರಿಯಾ ಸಂಹಿತೆ. ಅಷ್ಟರೊಳಗೆ ಮನೆಯಲ್ಲಿ ಯಾರು ಏನನ್ನು ಕಣ್ಣಾರೆ ಕಂಡಿದ್ದಾರೆ ಎಂದು ಕೇಳಿ, ಆ ಹೆಸರುಗಳನ್ನು ವಕೀಲರಿಗೆ ತಿಳಿಸಿ.